ಕಾರಿಗೆ ಮನೆಯಲ್ಲಿ ಸೂಪರ್‌ಚಾರ್ಜರ್ ಅಳವಡಿಕೆ

ಸೂಪರ್‌ಚಾರ್ಜರ್ ಎಂಬುದು ಎಂಜಿನ್ ತಾನಾಗಿ ಸೆಳೆದುಕೊಳ್ಳಬಲ್ಲುದಕ್ಕಿಂತ ಹೆಚ್ಚಿನ ಗಾಳಿಯನ್ನು ಅದರ ಸಿಲಿಂಡರ್‌ಗಳೊಳಗೆ ಒತ್ತಿ ತುಂಬುವ ಯಂತ್ರ. ಎಂಜಿನ್‌ನ ಕ್ರ್ಯಾಂಕ್‌ಷಾಫ್ಟ್‌ಗೆ ಬೆಲ್ಟ್ ಮೂಲಕ ಜೋಡಿಸಲ್ಪಟ್ಟು, ಅದರ ಶಕ್ತಿಯಿಂದಲೇ ಇದು ತಿರುಗುತ್ತದೆ. ಕಾರ್ಖಾನೆಯಿಂದ ಸೂಪರ್‌ಚಾರ್ಜರ್ ಇಲ್ಲದೆ ಬಂದ ಕಾರಿಗೆ, ಮಾಲೀಕನೇ ತನ್ನ ಮನೆಯ ಗ್ಯಾರೇಜಿನಲ್ಲಿ ಇದನ್ನು ಅಳವಡಿಸುವ ಹವ್ಯಾಸವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದುಬಂದಿದೆ. ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿಯೂ ಇದು ಪ್ರಚಲಿತವಾಗಿದೆ. ಯಂತ್ರವನ್ನು ಬೋಲ್ಟುಗಳಿಂದ ಬಿಗಿಯುವುದು ಈ ಕೆಲಸದ ಸುಲಭವಾದ ಭಾಗ. ಹೆಚ್ಚುವರಿ ಗಾಳಿಗೆ ತಕ್ಕಷ್ಟು ಇಂಧನವನ್ನು ಒದಗಿಸುವುದು ಮತ್ತು ಕಿಡಿಯ ಸಮಯವನ್ನು ಸರಿಪಡಿಸುವುದೇ ಇದರ ಕಠಿಣ ಭಾಗ. ಇದರಲ್ಲಿ ತಪ್ಪಿದರೆ ಎಂಜಿನ್ ಕೆಲವೇ ಕ್ಷಣಗಳಲ್ಲಿ ಹಾಳಾಗಬಹುದು.

ತತ್ತ್ವ

ಕಮ್ಮಾರನ ಕುಲುಮೆಯನ್ನು ಕಂಡವರಿಗೆ ಸೂಪರ್‌ಚಾರ್ಜರ್‌ನ ತತ್ತ್ವವನ್ನು ವಿವರಿಸುವುದು ಸುಲಭ. ಕುಲುಮೆಗೆ ಎಷ್ಟೇ ಇದ್ದಿಲು ಸುರಿದರೂ ತಿದಿಯನ್ನು ಒತ್ತದೆ ಬೆಂಕಿ ಏರುವುದಿಲ್ಲ. ಹಾಗೆಯೇ, ಎಂಜಿನ್‌ನ ಶಕ್ತಿಗೆ ಮಿತಿಯಾಗಿರುವುದು ಪೆಟ್ರೋಲ್ ಅಲ್ಲ, ಗಾಳಿ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಸಾಧಾರಣ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾಯುಭಾರವು ಎಷ್ಟು ಗಾಳಿಯನ್ನು ಒಳಗೆ ತಳ್ಳಬಲ್ಲುದೋ ಅಷ್ಟೇ ಅದಕ್ಕೆ ದೊರೆಯುತ್ತದೆ. ಸೂಪರ್‌ಚಾರ್ಜರ್ ಆ ಮಿತಿಯನ್ನು ಮೀರಿಸುತ್ತದೆ. ವಾಯುಭಾರಕ್ಕಿಂತ ಹೆಚ್ಚಾಗಿ ಉಂಟಾಗುವ ಈ ಒತ್ತಡಕ್ಕೆ ‘ಬೂಸ್ಟ್’ ಎಂದು ಹೆಸರು.

ಟರ್ಬೊಚಾರ್ಜರ್ ಕೂಡ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಅದನ್ನು ತಿರುಗಿಸುವುದು ಹೊಗೆಕೊಳವೆಯಲ್ಲಿ ಹೊರಹೋಗುವ ಬಿಸಿ ಅನಿಲ. ಸೂಪರ್‌ಚಾರ್ಜರ್ ಬೆಲ್ಟಿನಿಂದ ತಿರುಗುವುದರಿಂದ ಎಂಜಿನ್‌ನ ಶಕ್ತಿಯಲ್ಲಿ ಒಂದಂಶವನ್ನು ತಾನೇ ತಿನ್ನುತ್ತದೆ. ಆದರೆ ಬಿಸಿ ಹೊಗೆಕೊಳವೆಗಳನ್ನು ಬದಲಿಸಬೇಕಾಗಿಲ್ಲದ ಕಾರಣ ಮನೆಯಲ್ಲಿ ಅಳವಡಿಸುವವರಿಗೆ ಇದು ಹೆಚ್ಚು ಅನುಕೂಲ.

ಸೂಪರ್‌ಚಾರ್ಜರ್‌ಗಳಲ್ಲಿ ಮೂರು ಬಗೆಗಳು ಬಳಕೆಯಲ್ಲಿವೆ. ರೂಟ್ಸ್ ಮಾದರಿಯಲ್ಲಿ ಎರಡು ರೋಟರ್‌ಗಳು ಎದುರುಬದುರಾಗಿ ತಿರುಗಿ ಗಾಳಿಯನ್ನು ಬೊಗಸೆ ಬೊಗಸೆಯಾಗಿ ಆಚೆಗೆ ಸಾಗಿಸುತ್ತವೆ. ಸಂಕೋಚನವು ಯಂತ್ರದ ಹೊರಗೆ, ಮ್ಯಾನಿಫೋಲ್ಡ್‌ನಲ್ಲಿ ಆಗುತ್ತದೆ. ಸ್ವೀಡನ್ನಿನ ಆಲ್ಫ್ ಲಿಶೋಮ್ 1930ರ ದಶಕದಲ್ಲಿ ರೂಪಿಸಿದ ಅವಳಿ ತಿರುಪಿನ ಮಾದರಿಯಲ್ಲಿ ಸಂಕೋಚನವು ಯಂತ್ರದ ಒಳಗೇ ನಡೆಯುವುದರಿಂದ ಗಾಳಿ ಬಿಸಿಯಾಗುವುದು ಕಡಿಮೆ. ಮೂರನೆಯದಾದ ಕೇಂದ್ರಾಪಗಾಮಿ ಮಾದರಿಯಲ್ಲಿ ಅತಿವೇಗವಾಗಿ ತಿರುಗುವ ಚಕ್ರವೊಂದು ಗಾಳಿಯನ್ನು ಹೊರಕ್ಕೆ ಎಸೆಯುತ್ತದೆ. ಇದರ ಬೂಸ್ಟ್ ಎಂಜಿನ್ ವೇಗದೊಂದಿಗೆ ಏರುತ್ತ ಹೋಗುವುದರಿಂದ, ಕೆಳವೇಗದಲ್ಲಿ ಇದು ಅಷ್ಟಾಗಿ ನೆರವಾಗದು.

ಇತಿಹಾಸ

ತಿದಿಯ ಹೋಲಿಕೆ ಬರಿಯ ಅಲಂಕಾರವಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನಲ್ಲಿದ್ದ ಫಿಲ್ಯಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವು ಊದುಕುಲುಮೆಗಳಿಗೆ ಗಾಳಿ ಊದಲು ಬಳಕೆಯಾಯಿತು. ಅದೇ ಯಂತ್ರದ ವಂಶಜವೇ ಇಂದಿನ ರೂಟ್ಸ್ ಸೂಪರ್‌ಚಾರ್ಜರ್. ಗಾಟ್‌ಲೀಬ್ ಡೈಮ್ಲರ್ 1885ರಲ್ಲಿಯೇ ಎಂಜಿನ್‌ಗೆ ಒತ್ತಡದಿಂದ ಗಾಳಿ ತುಂಬುವ ವಿಧಾನಕ್ಕೆ ಜರ್ಮನಿಯಲ್ಲಿ ಪೇಟೆಂಟ್ ಪಡೆದಿದ್ದರು. ಆದರೂ ಸೂಪರ್‌ಚಾರ್ಜರ್ ಇರುವ ಮರ್ಸಿಡಿಸ್ ಕಾರುಗಳು ಸಾರ್ವಜನಿಕರ ಮುಂದೆ ಬಂದದ್ದು 1921ರ ಬರ್ಲಿನ್ ಪ್ರದರ್ಶನದಲ್ಲಿ.

ಮನೆಯಲ್ಲಿ ಅಳವಡಿಸುವ ಹವ್ಯಾಸದ ಮೂಲವಿರುವುದು ಎರಡನೆಯ ಮಹಾಯುದ್ಧದ ಅನಂತರದ ಅಮೆರಿಕದಲ್ಲಿ. ಜನರಲ್ ಮೋಟರ್ಸ್‌ನ 6-71 ಎಂಬ ಎರಡು ಹೊಡೆತದ ಡೀಸೆಲ್ ಎಂಜಿನ್‌ಗಳಿಗೆ ರೂಟ್ಸ್ ಬ್ಲೋವರ್ ಇರುತ್ತಿತ್ತು. ಆರು ಸಿಲಿಂಡರ್, ಒಂದೊಂದಕ್ಕೂ 71 ಘನ ಅಂಗುಲ ಗಾತ್ರ ಎಂಬುದು ಆ ಹೆಸರಿನ ಅರ್ಥ. ಸುಟ್ಟ ಹೊಗೆಯನ್ನು ಸಿಲಿಂಡರ್‌ನಿಂದ ಗುಡಿಸಿ ಹೊರದೂಡಲೆಂದು ಅಲ್ಲಿದ್ದ ಆ ಬ್ಲೋವರ್‌ಗಳನ್ನು ಹವ್ಯಾಸಿಗಳು ಬಿಚ್ಚಿ ತಂದು ತಮ್ಮ ವಿ8 ಕಾರುಗಳ ನೆತ್ತಿಯ ಮೇಲೆ ಕೂರಿಸಿದರು. 1950ರ ದಶಕದಲ್ಲಿ ರಾಬರ್ಟ್ ಮೆಕಲ್ಲಕ್‌ನ ಕಂಪನಿಯು ವಿಎಸ್57 ಎಂಬ ಕೇಂದ್ರಾಪಗಾಮಿ ಸೂಪರ್‌ಚಾರ್ಜರನ್ನು ಮಾರುಕಟ್ಟೆಗೆ ತಂದಿತು. (ಮುಂದೆ 1968ರಲ್ಲಿ ಲಂಡನ್ ಸೇತುವೆಯನ್ನು ಕೊಂಡು, ಕಲ್ಲು ಕಲ್ಲಾಗಿ ಅರಿಜೋನಾಕ್ಕೆ ಸಾಗಿಸಿದ ವ್ಯಕ್ತಿ ಇವನೇ.) 1989ರ ಫೋರ್ಡ್ ಥಂಡರ್‌ಬರ್ಡ್ ಸೂಪರ್ ಕೂಪ್‌ನಲ್ಲಿ ಈಟನ್ ಕಂಪನಿಯ ಎಂ90 ಬಂದ ಮೇಲೆ, ಚಿಕ್ಕದಾದ ಮತ್ತು ದೀರ್ಘಕಾಲ ಬಾಳುವ ರೂಟ್ಸ್ ಯಂತ್ರಗಳು ಹಳೆಯ ಕಾರುಗಳಿಂದಲೂ ದೊರೆಯತೊಡಗಿದವು.

ಒಂದು ಉದಾಹರಣೆ: ಮಾಜ್ದಾ ಎಂಎಕ್ಸ್-5

1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಬಿಡುಗಡೆಯಾದ ಮಾಜ್ದಾ ಎಂಎಕ್ಸ್-5, ಈ ಹವ್ಯಾಸಿಗಳ ಅಚ್ಚುಮೆಚ್ಚಿನ ಕಾರುಗಳಲ್ಲೊಂದು. ಅಮೆರಿಕದಲ್ಲಿ ಇದು ‘ಮಿಯಾಟಾ’ ಎಂದೇ ಪ್ರಸಿದ್ಧ. ಇಬ್ಬರು ಕೂರುವ ಈ ಹಗುರ ಕಾರಿನ ಮೊದಲ ಎಂಜಿನ್ 1,597 ಘನ ಸೆಂಟಿಮೀಟರ್ ಗಾತ್ರದ್ದು. ಶಕ್ತಿ ಸುಮಾರು 115 ಅಶ್ವಶಕ್ತಿ. ಇದಕ್ಕೆ ಈಟನ್ ಎಂ45 ಸೂಪರ್‌ಚಾರ್ಜರ್ ಅಳವಡಿಸುವ ಕ್ರಮ ರೂಢಿಯಲ್ಲಿದೆ. 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್ ಕಾರಿನಲ್ಲಿಯೂ ಎಂ45 ಇದ್ದುದರಿಂದ ಹಳೆಯ ಯಂತ್ರಗಳು ಗುಜರಿಯಲ್ಲಿ ಸಿಗುತ್ತವೆ.

ಕೊಳ್ಳುವ ಮೊದಲು ಕಾಗದದ ಮೇಲೆ ಲೆಕ್ಕ ಮಾಡಬೇಕು. ಇದಕ್ಕೆ ಪ್ರೌಢಶಾಲೆಯ ಗಣಿತ ಸಾಕು. ಎಂ45 ಒಂದು ಸುತ್ತಿಗೆ 45 ಘನ ಅಂಗುಲ, ಅಂದರೆ ಸುಮಾರು 0.74 ಲೀಟರ್ ಗಾಳಿಯನ್ನು ಸಾಗಿಸುತ್ತದೆ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತುಂಬಿಕೊಳ್ಳುವುದರಿಂದ 1.6 ಲೀಟರ್ ಎಂಜಿನ್ ಒಂದು ಸುತ್ತಿಗೆ ಬಳಸುವುದು 0.8 ಲೀಟರ್. ಕ್ರ್ಯಾಂಕಿನ ಪುಲ್ಲಿ 120 ಮಿಲಿಮೀಟರ್, ಸೂಪರ್‌ಚಾರ್ಜರ್‌ನ ಪುಲ್ಲಿ 75 ಮಿಲಿಮೀಟರ್ ವ್ಯಾಸದವಾದರೆ, ಎಂಜಿನ್‌ನ ಒಂದು ಸುತ್ತಿಗೆ ಸೂಪರ್‌ಚಾರ್ಜರ್ 1.6 ಸುತ್ತು ತಿರುಗಿ ಸುಮಾರು 1.18 ಲೀಟರ್ ಗಾಳಿಯನ್ನು ತಳ್ಳುತ್ತದೆ. ಸೋರಿಕೆ ಇಲ್ಲವೆಂದು ಭಾವಿಸಿದರೆ ಒತ್ತಡವು ವಾಯುಭಾರದ ಒಂದೂವರೆ ಪಟ್ಟಿಗೆ ಹತ್ತಿರವಾಗುತ್ತದೆ. ರೋಟರ್‌ಗಳ ಸಂದಿನಲ್ಲಿ ಸ್ವಲ್ಪ ಗಾಳಿ ಹಿಂದಕ್ಕೆ ಸೋರುವುದರಿಂದ 1.4 ಪಟ್ಟು, ಅಂದರೆ 0.4 ಬಾರ್ ಬೂಸ್ಟ್ ಎಂದಿಟ್ಟುಕೊಳ್ಳೋಣ.

ಹಾಗಾದರೆ ಶೇಕಡ 40ರಷ್ಟು ಹೆಚ್ಚು ಗಾಳಿ ದೊರೆಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿಯನ್ನು ಮುಟ್ಟಿದವರಿಗೆಲ್ಲ ಇದು ಗೊತ್ತು. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 1.4 ಪಟ್ಟು ಒತ್ತಿದರೆ ನಷ್ಟವೇ ಇಲ್ಲದ ಯಂತ್ರದಲ್ಲಿಯೂ ಅದು ಸುಮಾರು 30 ಡಿಗ್ರಿ ಏರುತ್ತದೆ. ಶೇಕಡ 60ರ ದಕ್ಷತೆಯ ಯಂತ್ರದಲ್ಲಿ ಏರಿಕೆ ಸುಮಾರು 50 ಡಿಗ್ರಿ. ಬಿಸಿಯಾದ ಗಾಳಿ ವಿರಳವಾಗುವ ಕಾರಣ, ಎಂಜಿನ್‌ಗೆ ನಿಜವಾಗಿ ದೊರೆಯುವ ಹೆಚ್ಚುವರಿ ಗಾಳಿ ಶೇಕಡ 20 ಮಾತ್ರ. ಈ ಗಾಳಿಯನ್ನು ಇಂಟರ್‌ಕೂಲರ್ ಎಂಬ ಪುಟ್ಟ ರೇಡಿಯೇಟರ್ ಮೂಲಕ ಹಾಯಿಸಿ 45 ಡಿಗ್ರಿಗೆ ಇಳಿಸಿದರೆ, ಅದೇ ಬೂಸ್ಟ್‌ನಲ್ಲಿ ಶೇಕಡ 30ಕ್ಕಿಂತ ಹೆಚ್ಚು ಗಾಳಿ ಸಿಗುತ್ತದೆ. ಬೂಸ್ಟ್ ಹೆಚ್ಚಿಸಲು ಚಿಕ್ಕ ಪುಲ್ಲಿಯನ್ನು ಹುಡುಕುವವರು ಮೊದಲು ಈ ಲೆಕ್ಕವನ್ನು ನೋಡುವುದು ಒಳಿತು.

ಇಂಧನ ಮತ್ತು ಕಿಡಿ

ಸಿಲಿಂಡರ್‌ನಲ್ಲಿ ಕಿಡಿ ಹಾರಿದಾಗ ಜ್ವಾಲೆಯು ಪ್ಲಗ್‌ನಿಂದ ಆರಂಭವಾಗಿ ಕ್ರಮವಾಗಿ ಹರಡಬೇಕು. ಒತ್ತಡ ಮತ್ತು ಉಷ್ಣ ಮಿತಿಮೀರಿದರೆ, ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣವು ಒಮ್ಮೆಲೇ ಸಿಡಿಯುತ್ತದೆ. ಇದಕ್ಕೆ ‘ನಾಕಿಂಗ್’ ಎನ್ನುತ್ತಾರೆ. ಹೊರಗೆ ಇದು ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದ ಸದ್ದಿನಂತೆ ಕೇಳಿಸುತ್ತದೆ. ಒಳಗೆ ಆಗುವುದು ಸುತ್ತಿಗೆಯ ಪೆಟ್ಟು: ಪಿಸ್ಟನ್ ರಿಂಗುಗಳ ನಡುವಿನ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಪೂರ್ಣ ಬೂಸ್ಟ್‌ನಲ್ಲಿ ಸೂಪರ್‌ಚಾರ್ಜರ್‌ನ ಸದ್ದು ಮತ್ತು ಗಾಳಿಯ ಸದ್ದಿನ ನಡುವೆ ಈ ಎಚ್ಚರಿಕೆ ಚಾಲಕನಿಗೆ ಕೇಳಿಸದೆಯೂ ಹೋಗಬಹುದು. ಕಾರ್ಖಾನೆಯಲ್ಲಿಯೇ ಸೂಪರ್‌ಚಾರ್ಜರ್‌ಗಾಗಿ ರೂಪಿಸಿದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಂಕೋಚನ ಅನುಪಾತವನ್ನು ತಗ್ಗಿಸಿರುತ್ತಾರೆ. ಮೇಲೆ ಹೇಳಿದ ಮಾಜ್ದಾ ಎಂಜಿನ್‌ನದು 9.4:1, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್‌ಗೆ ಯೋಗ್ಯವಾದ ಈ ಅನುಪಾತವು ಬೂಸ್ಟ್ ಬಂದಾಗ ಅಷ್ಟೇನೂ ಸುರಕ್ಷಿತವಲ್ಲ. ಆದುದರಿಂದ ಬೂಸ್ಟ್‌ನಲ್ಲಿ ಮಿಶ್ರಣವನ್ನು ಗಾಢಗೊಳಿಸಿ, ಅಂದರೆ ಗಾಳಿ-ಇಂಧನ ಅನುಪಾತವನ್ನು 11.5ರಿಂದ 12ರ ಸುಮಾರಿಗೆ ತಂದು, ಕಿಡಿಯನ್ನು ತಡವಾಗಿಸುತ್ತಾರೆ. ಪ್ರತಿ 0.07 ಬಾರ್ ಬೂಸ್ಟ್‌ಗೆ ಒಂದು ಡಿಗ್ರಿ ತಡ ಎಂಬುದು ಹವ್ಯಾಸಿಗಳಲ್ಲಿ ರೂಢಿಯ ಅಂದಾಜು, ಅಂದಾಜು ಮಾತ್ರ.

ಹಳೆಯ ಮಾಜ್ದಾದಲ್ಲಿ ಒಂದು ವಿಶೇಷ ತೊಡಕಿದೆ. ಇದರ ಕಂಪ್ಯೂಟರ್ ಒಳಬರುವ ಗಾಳಿಯನ್ನು ತಿಳಿಯುವುದು ಗಾಳಿಯ ಹರಿವಿಗೆ ತೆರೆದುಕೊಳ್ಳುವ ಒಂದು ರೆಕ್ಕೆಯಿಂದ. ರೆಕ್ಕೆ ಪೂರ್ತಿ ತೆರೆದುಕೊಂಡ ಮೇಲೆ ಇನ್ನೆಷ್ಟೇ ಗಾಳಿ ಬಂದರೂ ಕಂಪ್ಯೂಟರ್‌ಗೆ ಅದು ತಿಳಿಯುವುದಿಲ್ಲ. ಗಾಳಿ ಹೆಚ್ಚಿತು, ಪೆಟ್ರೋಲ್ ಹೆಚ್ಚಲಿಲ್ಲ, ಮಿಶ್ರಣ ತೆಳುವಾಯಿತು, ನಾಕಿಂಗ್ ಆರಂಭವಾಯಿತು.

ಇದಕ್ಕೆ ಹಳೆಯ ಕಿಟ್‌ಗಳ ಪರಿಹಾರವೆಂದರೆ ಬೂಸ್ಟ್ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ನಿಯಂತ್ರಕ. ಆದರೆ ಇಂಜೆಕ್ಟರ್‌ನಿಂದ ಹರಿಯುವ ಇಂಧನವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಶೇಕಡ 30ರಷ್ಟು ಹೆಚ್ಚು ಪೆಟ್ರೋಲ್ ಬೇಕಾದರೆ ಒತ್ತಡವನ್ನು 1.69 ಪಟ್ಟು ಏರಿಸಬೇಕು. 3 ಬಾರ್ ಇದ್ದದ್ದು 5 ಬಾರ್ ದಾಟುತ್ತದೆ. ಮೂಲ ಪಂಪಿಗೆ ಇದು ಸುಲಭವಲ್ಲ. ದೊಡ್ಡ ಇಂಜೆಕ್ಟರ್‌ಗಳನ್ನು ಹಾಕಿ, ಮ್ಯಾನಿಫೋಲ್ಡ್ ಒತ್ತಡವನ್ನು ನೇರವಾಗಿ ಅಳೆಯುವ ಬೇರೊಂದು ಕಂಪ್ಯೂಟರ್ ಅಳವಡಿಸುವುದು ಇಂದಿನ ಕ್ರಮ. ಮೆಗಾಸ್ಕ್ವರ್ಟ್ ಎಂಬ ಕಂಪ್ಯೂಟರನ್ನು ಬಿಡಿಭಾಗಗಳಾಗಿ ಕೊಂಡು, ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವವರೂ ಇದ್ದಾರೆ. ಇಂಜೆಕ್ಟರ್‌ನ ಗಾತ್ರವನ್ನೂ ಲೆಕ್ಕದಿಂದ ತಿಳಿಯಬಹುದು. ಸೂಪರ್‌ಚಾರ್ಜರ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.27 ಕಿಲೋಗ್ರಾಂ ಪೆಟ್ರೋಲ್ ಬಳಸುತ್ತದೆಂದು ಹಿಡಿದರೆ, 150 ಅಶ್ವಶಕ್ತಿಗೆ ಸುಮಾರು 40 ಕಿಲೋಗ್ರಾಂ ಬೇಕು. ಅದನ್ನು ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿ, ಅವು ಶೇಕಡ 80ರಷ್ಟು ಕಾಲ ಮಾತ್ರ ತೆರೆದಿರಬೇಕೆಂದು ಲೆಕ್ಕ ಹಾಕಿದರೆ, ಒಂದೊಂದೂ ನಿಮಿಷಕ್ಕೆ 285 ಘನ ಸೆಂಟಿಮೀಟರ್ ಸುರಿಯಬಲ್ಲದ್ದಾಗಿರಬೇಕು.

ಪೆಟ್ರೋಲಿನ ಆಕ್ಟೇನ್ ಸಂಖ್ಯೆಯ ಬಗ್ಗೆ ಓದುಗರು ಒಂದು ಮಾತನ್ನು ಗಮನಿಸಬೇಕು. ಅಮೆರಿಕದ ಪಂಪುಗಳಲ್ಲಿ ಬರೆದಿರುವುದು ಎರಡು ವಿಧಾನಗಳ ಅಳತೆಯ ಸರಾಸರಿ. ಭಾರತದಲ್ಲಿ ಮತ್ತು ಯುರೋಪಿನಲ್ಲಿ ಹೇಳುವುದು ಸಂಶೋಧನಾ ಆಕ್ಟೇನ್ ಸಂಖ್ಯೆ. ಅಲ್ಲಿನ 91 ಇಲ್ಲಿನ ಸುಮಾರು 95ಕ್ಕೆ ಸಮ. ಅಮೆರಿಕದ ಕಿಟ್‌ನ ಕೈಪಿಡಿಯಲ್ಲಿ 91 ಎಂದು ಓದಿ, ಇಲ್ಲಿನ 91ರ ಪೆಟ್ರೋಲ್ ತುಂಬಿಸಿದರೆ ಕೈಪಿಡಿ ಬಯಸಿದ್ದಕ್ಕಿಂತ ಕೆಳದರ್ಜೆಯದನ್ನು ತುಂಬಿಸಿದಂತಾಗುತ್ತದೆ.

ಪೂರ್ವಸಿದ್ಧತೆ

ಸವೆದ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕುವುದು ವ್ಯರ್ಥ. ಮೊದಲು ನಾಲ್ಕೂ ಸಿಲಿಂಡರ್‌ಗಳ ಸಂಕೋಚನ ಒತ್ತಡವನ್ನು ಅಳೆಯಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡ 15ಕ್ಕೂ ಹೆಚ್ಚು ಕಡಿಮೆ ತೋರಿದರೆ ಎಂಜಿನ್ ರಿಪೇರಿಯೇ ಮೊದಲ ಕೆಲಸ. ರೇಡಿಯೇಟರ್, ಕ್ಲಚ್, ಬ್ರೇಕ್‌ಗಳ ಸ್ಥಿತಿಯನ್ನೂ ನೋಡಬೇಕು. ಎಂಎಕ್ಸ್-5ರ ಆರಂಭದ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಷಾಫ್ಟ್‌ನ ಮೂತಿ ಗಿಡ್ಡವಾಗಿದ್ದು, ಪುಲ್ಲಿಯನ್ನು ಹಿಡಿದಿಡುವ ಬೋಲ್ಟ್ ಸಡಿಲಾಗಿ ಕೀಲಿಯ ಗಾಡಿ ಸವೆಯುವ ದೋಷ ಪ್ರಸಿದ್ಧ. ಸೂಪರ್‌ಚಾರ್ಜರ್‌ನ ಬೆಲ್ಟ್ ಎಳೆಯುವುದು ಅದೇ ಪುಲ್ಲಿಯನ್ನು ಎಂಬುದನ್ನು ನೆನಪಿಡಬೇಕು.

ಉಪಕರಣಗಳಲ್ಲಿ ಸ್ಪ್ಯಾನರ್ ಮತ್ತು ಸಾಕೆಟ್‌ಗಳ ಜೊತೆಗೆ ಟಾರ್ಕ್ ವ್ರೆಂಚ್, ಕಿಡಿಯ ಸಮಯ ನೋಡುವ ಟೈಮಿಂಗ್ ಲೈಟ್, ಬೂಸ್ಟ್ ಮಾಪಕ ಹಾಗೂ ಹೊಗೆಯಲ್ಲಿನ ಆಮ್ಲಜನಕದಿಂದ ಮಿಶ್ರಣವನ್ನು ನಿಖರವಾಗಿ ತೋರಿಸುವ ವೈಡ್‌ಬ್ಯಾಂಡ್ ಮಾಪಕ ಬೇಕು. ಇವುಗಳಲ್ಲಿ ಕೊನೆಯದನ್ನು ದುಬಾರಿಯೆಂದು ಬಿಡುವವರುಂಟು. ಅದು ಕಣ್ಣುಕಟ್ಟಿಕೊಂಡು ಗಾಡಿ ಓಡಿಸಿದಂತೆಯೇ ಸರಿ.

ಅಳವಡಿಕೆಯ ಕ್ರಮ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಗಾಳಿಯಾಡುವ ಸ್ಥಳದಲ್ಲಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಂತೆ ಇಟ್ಟುಕೊಂಡು ಕೆಲಸ ಆರಂಭಿಸಬೇಕು. ಕಾರಿನ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕಾರನ್ನು ನಿಲ್ಲಿಸಬೇಕು. ಇಂಜೆಕ್ಷನ್ ಕಾರಿನ ಪೆಟ್ರೋಲ್ ಕೊಳವೆಗಳಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ. ಪಂಪಿನ ವಿದ್ಯುತ್ ಸಂಪರ್ಕವನ್ನು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಆ ಒತ್ತಡ ಇಳಿಯುತ್ತದೆ. ಅನಂತರ ಎಂಜಿನ್ ಆರುವವರೆಗೆ ಕಾದು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

ಗಾಳಿಕೊಳವೆ, ಥ್ರಾಟಲ್, ಮೂಲ ಮ್ಯಾನಿಫೋಲ್ಡ್ ಹೀಗೆ ಒಂದೊಂದನ್ನೇ ಬಿಚ್ಚುವಾಗ ಪ್ರತಿಯೊಂದು ತಂತಿಗೂ ರಬ್ಬರ್ ಕೊಳವೆಗೂ ಚೀಟಿ ಅಂಟಿಸಿ, ಚಿತ್ರ ತೆಗೆದಿಟ್ಟುಕೊಳ್ಳುವುದು ಅಗತ್ಯ. ಮ್ಯಾನಿಫೋಲ್ಡ್ ಹೊರಬಂದೊಡನೆ ಎಂಜಿನ್‌ನ ತೆರೆದ ರಂಧ್ರಗಳಿಗೆ ಸ್ವಚ್ಛವಾದ ಬಟ್ಟೆ ತುರುಕಬೇಕು. ಅಲ್ಲಿ ಬಿದ್ದ ಒಂದು ಚಿಕ್ಕ ನಟ್ಟು ಕಣ್ಣಿಗೆ ಬೀಳದೆ ಉಳಿದರೆ, ಎಂಜಿನ್ ಚಾಲೂ ಆದಾಗ ಪಿಸ್ಟನ್ ಮತ್ತು ಕವಾಟಗಳನ್ನು ಜಜ್ಜಿಹಾಕುತ್ತದೆ. ಹಳೆಯ ಗ್ಯಾಸ್ಕೆಟನ್ನು ಅಲ್ಯೂಮಿನಿಯಂ ಗೀರಾಗದಂತೆ ಕೆರೆದು, ಹೊಸದನ್ನು ಹಾಕಿ, ಕಿಟ್‌ನ ಮ್ಯಾನಿಫೋಲ್ಡನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ, ನಡುವಿನಿಂದ ಹೊರಗಿನ ಕಡೆಗೆ ಹಂತ ಹಂತವಾಗಿ ಬಿಗಿಯಬೇಕು. ಬಟ್ಟೆಯನ್ನು ಹೊರತೆಗೆದುದನ್ನು ಎಣಿಸಿ ಖಚಿತಪಡಿಸಿಕೊಂಡ ಮೇಲೆಯೇ ಇದನ್ನು ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲವಾದರೂ, ಮರೆತವರು ಇಲ್ಲದಿಲ್ಲ.

ಸೂಪರ್‌ಚಾರ್ಜರ್ ಕೂತ ಮೇಲೆ ಬೆಲ್ಟಿನ ಹಾದಿಯನ್ನು ನೋಡಬೇಕು. ಎಲ್ಲ ಪುಲ್ಲಿಗಳೂ ಒಂದೇ ಸಮತಲದಲ್ಲಿರಬೇಕು. ಉದ್ದನೆಯ ನೇರಪಟ್ಟಿಯೊಂದನ್ನು ಪುಲ್ಲಿಗಳ ಮುಖಕ್ಕೆ ಆನಿಸಿ ಇದನ್ನು ಪರೀಕ್ಷಿಸುತ್ತಾರೆ. ಸ್ವಲ್ಪ ವಾಲಿದ್ದರೂ ಬೆಲ್ಟ್ ಅಂಚು ಸವೆದು ಎಗರಿಹೋಗುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ಜಾರಿ ಬೂಸ್ಟ್ ಕುಸಿಯುತ್ತದೆ, ಅತಿಯಾಗಿ ಬಿಗಿದರೆ ಬೇರಿಂಗ್ ಕೆಡುತ್ತದೆ. ಈಟನ್ ಯಂತ್ರಗಳ ಗೇರಿಗೆ ಅದರದೇ ಆದ ಎಣ್ಣೆ ಒಳಗಿರುತ್ತದೆ; ಹಳೆಯ ಯಂತ್ರವನ್ನು ಕೊಂಡಿದ್ದರೆ ಅದನ್ನು ಬದಲಿಸುವುದು ಲೇಸು. ಕೆಲವು ಕೇಂದ್ರಾಪಗಾಮಿ ಯಂತ್ರಗಳು ಎಂಜಿನ್ ಎಣ್ಣೆಯನ್ನೇ ಬಳಸುವುದರಿಂದ, ಎಣ್ಣೆ ಮರಳಿ ಬರಲು ಎಂಜಿನ್‌ನ ಎಣ್ಣೆತೊಟ್ಟಿಗೆ ರಂಧ್ರ ಕೊರೆಯಬೇಕಾಗುತ್ತದೆ.

ಇನ್ನು ಬೈಪಾಸ್ ಕವಾಟ. ಚಾಲಕ ಆಕ್ಸಿಲರೇಟರ್ ಬಿಟ್ಟಾಗ ಸೂಪರ್‌ಚಾರ್ಜರ್ ಸುಮ್ಮನೆ ಗಾಳಿಯನ್ನು ಒತ್ತುತ್ತ ಬಿಸಿ ಮಾಡದಂತೆ, ಈ ಕವಾಟವು ಗಾಳಿಯನ್ನು ಹಿಂದಕ್ಕೆ ಸುತ್ತಿಸುತ್ತದೆ. ಇದರ ನಿರ್ವಾತ ಕೊಳವೆಯನ್ನು ತಪ್ಪಾದ ಸ್ಥಳಕ್ಕೆ ಜೋಡಿಸಿದರೆ, ಬೂಸ್ಟ್ ಬಾರದೆಯೇ ಇರಬಹುದು. ಎಂಜಿನ್‌ನ ತಳದ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ಕೊಳವೆಯಲ್ಲಿ, ಒತ್ತಡ ಹಿಮ್ಮುಖವಾಗಿ ನುಗ್ಗದಂತೆ ಏಕಮುಖ ಕವಾಟ ಇರಲೇಬೇಕು. ಇಲ್ಲವಾದರೆ ಎಣ್ಣೆಯ ಸೀಲುಗಳು ಸೋರತೊಡಗುತ್ತವೆ. ಇಂಜೆಕ್ಟರ್‌ಗಳ ರಬ್ಬರ್ ಉಂಗುರಗಳಿಗೆ ಎಣ್ಣೆ ಸವರಿ ಕೂರಿಸಬೇಕು, ಹಳೆಯ ಉಂಗುರಗಳನ್ನು ಮತ್ತೆ ಬಳಸಬಾರದು.

ಸ್ಪಾರ್ಕ್ ಪ್ಲಗ್‌ಗಳನ್ನು ಒಂದು ದರ್ಜೆ ತಣ್ಣನೆಯವಾಗಿ ಬದಲಿಸಿ, ಸಂದನ್ನು ಸುಮಾರು 0.8 ಮಿಲಿಮೀಟರ್‌ಗೆ ಇಳಿಸುವುದು ವಾಡಿಕೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಬಾಷ್ ಪ್ಲಗ್‌ಗಳಲ್ಲಿ ಇದಕ್ಕೆ ತದ್ವಿರುದ್ಧ. ಇದನ್ನು ತಿಳಿಯದೆ ಕೊಂಡು, ಬೇಕಾದುದರ ವಿರುದ್ಧವಾದುದನ್ನು ಹಾಕುವ ಸಂಭವವುಂಟು.

ಮೊದಲ ಚಾಲನೆ

ಎಂಜಿನನ್ನು ಚಾಲೂ ಮಾಡುವ ಮುನ್ನ ಪೆಟ್ರೋಲ್ ಪಂಪನ್ನು ಮಾತ್ರ ಓಡಿಸಿ, ಪ್ರತಿಯೊಂದು ಜೋಡಣೆಯಲ್ಲಿಯೂ ಸೋರಿಕೆ ಇದೆಯೇ ಎಂದು ನೋಡಬೇಕು. ಎಂಜಿನ್ ಓಡುವಾಗ ಗ್ಯಾರೇಜಿನ ಬಾಗಿಲು ತೆರೆದಿರಬೇಕು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಸಡಿಲವಾದ ಬಟ್ಟೆಯ ತೋಳು, ಸರ, ಉದ್ದನೆಯ ಕೂದಲು ಬೆಲ್ಟಿನ ಬಳಿ ಬರಬಾರದು. ಹಳೆಯ ಎಂಎಕ್ಸ್-5ರಲ್ಲಿ ಮೂಲ ಕಿಡಿಯ ಸಮಯ 10 ಡಿಗ್ರಿ. ಸಿಲಿಂಡರ್ ಹೆಡ್ಡಿನ ಹಿಂಬದಿಯಲ್ಲಿರುವ ಸಂವೇದಕವನ್ನು ತುಸು ತಿರುಗಿಸಿ ಇದನ್ನು ಬದಲಿಸಬಹುದು. ಇದರಿಂದ ಬೂಸ್ಟ್ ಇದ್ದಾಗ ಮಾತ್ರವಲ್ಲದೆ ಎಲ್ಲ ವೇಗಗಳಲ್ಲಿಯೂ ಕಿಡಿ ತಡವಾಗಿ, ಸಾಧಾರಣ ಓಡಾಟದಲ್ಲಿ ಶಕ್ತಿ ಮತ್ತು ಮೈಲೇಜ್ ಕುಗ್ಗುತ್ತವೆ.

ಮೊದಲ ಕೆಲವು ದಿನ ಬೂಸ್ಟ್ ಬಾರದಷ್ಟು ಮೆಲ್ಲಗೆ ಓಡಿಸಿ, ಮಿಶ್ರಣ, ಉಷ್ಣತೆ ಮತ್ತು ಬೆಲ್ಟನ್ನು ಗಮನಿಸಬೇಕು. ಅನಂತರ ಬೂಸ್ಟ್‌ನ ಹೊಂದಾಣಿಕೆಯನ್ನು ಡೈನಮೋಮೀಟರ್ ಮೇಲೆ, ಬಲ್ಲವರ ಮುಂದೆ ಮಾಡಿಸುವುದೇ ಸರಿಯಾದ ಕ್ರಮ. ಸಾರ್ವಜನಿಕ ರಸ್ತೆಯಲ್ಲಿ ಪೂರ್ಣ ವೇಗದಲ್ಲಿ ಓಡಿಸುತ್ತ ಮಾಪಕದ ಮೇಲೆ ಕಣ್ಣಿಡುವುದು ಎಂಜಿನ್‌ಗಿಂತ ಮೊದಲು ಮನುಷ್ಯರಿಗೆ ಅಪಾಯ. ಬೂಸ್ಟ್ ಏರುತ್ತಿರುವಾಗ ಮಿಶ್ರಣದ ಅನುಪಾತ 13 ದಾಟಿ ತೆಳುವಾಗುತ್ತಿದ್ದರೆ ಆಕ್ಸಿಲರೇಟರ್‌ನಿಂದ ಕೂಡಲೇ ಕಾಲು ತೆಗೆಯಬೇಕು. ಕಾರಣ ಮುಚ್ಚಿದ ಇಂಧನ ಫಿಲ್ಟರ್ ಇರಬಹುದು, ಸೋತ ಪಂಪ್ ಇರಬಹುದು. ಅದು ತಿಳಿಯುವವರೆಗೆ ಮತ್ತೆ ಬೂಸ್ಟ್‌ಗೆ ಹೋಗುವಂತಿಲ್ಲ.

ಕಾನೂನು ಮತ್ತು ವಿಮೆ

ಅಮೆರಿಕದಲ್ಲಿ ಮಾಲಿನ್ಯ ನಿಯಂತ್ರಣ ವ್ಯವಸ್ಥೆಯನ್ನು ಕೆಡಿಸುವ ಬದಲಾವಣೆಗಳನ್ನು ಶುದ್ಧ ವಾಯು ಕಾಯಿದೆ ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯು ಪರೀಕ್ಷಿಸಿ ಆದೇಶ ಸಂಖ್ಯೆ ನೀಡಿದ ಕಿಟ್‌ಗಳನ್ನು ಮಾತ್ರ ರಸ್ತೆಯ ಕಾರಿಗೆ ಹಾಕಬಹುದು. ಆ ಸಂಖ್ಯೆಯ ಚೀಟಿಯನ್ನು ಬಾನೆಟ್ಟಿನ ಕೆಳಗೆ ಅಂಟಿಸಿರುತ್ತಾರೆ.

ಭಾರತದಲ್ಲಿ ಸ್ಥಿತಿ ಇನ್ನೂ ಬಿಗಿ. 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಾಯಿಸಿದ ಕಾರು ಅಪಘಾತಕ್ಕೀಡಾದರೆ, ಕಾರಿನ ಮಾಲೀಕನ ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸಬಹುದು. ತಯಾರಕರ ವಾರಂಟಿಯೂ ಎಂಜಿನ್‌ನ ಮಟ್ಟಿಗೆ ಉಳಿಯುವ ಸಂಭವ ಕಡಿಮೆ.